ಕ್ವಿಬೆಕ್‌ನ ಹೊಗೆ ನ್ಯೂಜೆರ್ಸಿಗೆ ಬಂದ ದಾರಿ: ಉಪಗ್ರಹ ಚಿತ್ರಗಳಿಂದ ಒಂದು ನಕ್ಷೆ ಕಟ್ಟಿದ ಬಗೆ

ಬೆಂಕಿ ಬಿದ್ದದ್ದು ಕೆನಡಾದ ಕ್ವಿಬೆಕ್‌ನ ಕಾಡಿನಲ್ಲಿ, ಕಣ್ಣು ಉರಿದದ್ದು ನ್ಯೂಜೆರ್ಸಿಯಲ್ಲಿದ್ದ ನಮಗೆ. ನಡುವೆ ಸಾವಿರ ಕಿಲೋಮೀಟರ್. 2023ರ ಜೂನ್ 7ರ ಮಧ್ಯಾಹ್ನ ನ್ಯೂಯಾರ್ಕ್ ಸುತ್ತಮುತ್ತಲ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ನಗರದ ವಾಯು ಗುಣಮಟ್ಟ ಸೂಚ್ಯಂಕ 400 ದಾಟಿತು. ಯಾಂಕೀಸ್ ತಂಡದ ಅಂದಿನ ಬೇಸ್‌ಬಾಲ್ ಪಂದ್ಯ ಮುಂದಕ್ಕೆ ಹೋಯಿತು. ಈ ಹೊಗೆ ಯಾವ ದಾರಿಯಲ್ಲಿ ಬಂತು, ಎಷ್ಟು ಹೊತ್ತಿನಲ್ಲಿ ಬಂತು, ಯಾವ ಎತ್ತರದಲ್ಲಿ ಬಂತು ಎಂಬುದನ್ನು ನನ್ನ ಕೈಯಾರೆ ಕಂಡುಕೊಳ್ಳಬೇಕು ಅನ್ನಿಸಿತು. ಬೇಕಾದ ಚಿತ್ರಗಳೆಲ್ಲ ಸಾರ್ವಜನಿಕ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಯಾರಾದರೂ ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದಾದ ಕೆಲಸ ಇದು. ಎಲ್ಲೆಲ್ಲಿ ಸಿಕ್ಕು ಬಿತ್ತು, ಅದನ್ನು ಹೇಗೆ ಬಿಡಿಸಿದೆ ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ ಒಂದಿಷ್ಟು. ಆ ವರ್ಷ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಿತು. ಕರ್ನಾಟಕದ ಒಟ್ಟು ವಿಸ್ತೀರ್ಣವೇ 1.92 ಕೋಟಿ ಹೆಕ್ಟೇರ್. ಅದರ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಮೇ ತಿಂಗಳಲ್ಲಿ ಪಶ್ಚಿಮದ ಆಲ್ಬರ್ಟಾ ಉರಿಯಿತು. ಜೂನ್ ಮೊದಲ ದಿನಗಳಲ್ಲಿ ಪೂರ್ವದ ಕ್ವಿಬೆಕ್‌ನ ಒಣಕಾಡಿಗೆ ಸಿಡಿಲು ಬಡಿದು ನೂರಕ್ಕೂ ಹೆಚ್ಚು ಕಡೆ ಬೆಂಕಿ ಹತ್ತಿತು. ಜೂನ್ 6ರಂದು ಶಿಬುಗಮೋ ಪಟ್ಟಣದ ಜನರನ್ನೆಲ್ಲ ಊರು ಬಿಡಿಸಬೇಕಾಯಿತು. ಅದೇ ಹೊತ್ತಿಗೆ ನೋವಾ ಸ್ಕೋಷಿಯಾದ ಕಡೆ ವಾಯುಭಾರ ಕುಸಿತವೊಂದು ಅಲ್ಲಾಡದೆ ನಿಂತಿತ್ತು. ಉತ್ತರ ಗೋಳದಲ್ಲಿ ಇಂಥ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹಾಗಾಗಿ ಅದರ ಪಶ್ಚಿಮ ಮಗ್ಗುಲಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಕ್ವಿಬೆಕ್, ನ್ಯೂಯಾರ್ಕ್, ನ್ಯೂಜೆರ್ಸಿ ಮೂರೂ ಆ ಮಗ್ಗುಲಲ್ಲೇ ಇದ್ದವು.

ಚಿತ್ರ ತರಿಸುವುದು

ಆಗ ಅಮೆರಿಕದ ಪೂರ್ವಭಾಗವನ್ನು ಕಾಯುತ್ತಿದ್ದ ಭೂಸ್ಥಿರ (ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಜಾಗದ ಮೇಲೆ ನಿಂತಂತಿರುವ) ಉಪಗ್ರಹ ಗೋಸ್-16. ಸಮಭಾಜಕ ವೃತ್ತದ ಮೇಲೆ 75.2 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿ ಇತ್ತು. ಅದರ ಎಬಿಐ ಕ್ಯಾಮೆರಾಕ್ಕೆ 16 ಬ್ಯಾಂಡ್‌ಗಳು, ಅಂದರೆ ಬೆಳಕನ್ನು 16 ತರಂಗಾಂತರ ಪಟ್ಟಿಗಳಲ್ಲಿ ಬೇರೆಬೇರೆಯಾಗಿ ನೋಡುತ್ತದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ನೋವಾ (NOAA) ಇದರ ಕಡತಗಳನ್ನು ಅಮೆಜಾನ್ ಕ್ಲೌಡ್‌ನಲ್ಲಿ ತೆರೆದಿಟ್ಟಿದೆ. ಖಾತೆ, ಪಾಸ್‌ವರ್ಡ್ ಏನೂ ಬೇಡ. ಕಡತಗಳನ್ನು ವರ್ಷ, ವರ್ಷದ ಎಷ್ಟನೇ ದಿನ, ಗಂಟೆ ಎಂಬ ಕ್ರಮದಲ್ಲಿ ಜೋಡಿಸಿದ್ದಾರೆ. 2023/158/18 ಅಂದರೆ ಜೂನ್ 7, ಯುಟಿಸಿ (ಜಾಗತಿಕ ಸಮಯ) 18 ಗಂಟೆ, ನಮ್ಮಲ್ಲಿ ಮಧ್ಯಾಹ್ನ 2. ತಿಂಗಳು-ತಾರೀಕಿನ ಲೆಕ್ಕ ಇಲ್ಲಿ ಬರುವುದಿಲ್ಲ, ಆದ್ದರಿಂದ ದಿನಸಂಖ್ಯೆಗೆ ಬದಲಿಸುವ ಒಂದು ಪುಟ್ಟ ಫಂಕ್ಷನ್ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಸಿಕ್ಕು ಚೌಕಟ್ಟಿನದು. ಗೋಸ್ ಮೂರು ಬಗೆಯಲ್ಲಿ ಚಿತ್ರ ತೆಗೆಯುತ್ತದೆ: ಕಾಣುವ ಇಡೀ ಗೋಳಾರ್ಧ 10 ನಿಮಿಷಕ್ಕೊಮ್ಮೆ, ಅಮೆರಿಕದ ಮುಖ್ಯ ಭೂಭಾಗ 5 ನಿಮಿಷಕ್ಕೊಮ್ಮೆ, ಬೇಕೆಂದಲ್ಲಿ ಚಿಕ್ಕ ಚೌಕ ನಿಮಿಷಕ್ಕೊಮ್ಮೆ. ಸಹಜವಾಗಿ ಕೈ ಹೋಗುವುದು 5 ನಿಮಿಷದ ಕಡತಕ್ಕೆ. ಆದರೆ 75 ಡಿಗ್ರಿ ರೇಖಾಂಶದಲ್ಲಿ ಆ ಚೌಕಟ್ಟಿನ ಮೇಲಂಚು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶಕ್ಕೇ ಮುಗಿದುಬಿಡುತ್ತದೆ. ಶಿಬುಗಮೋ ಇರುವುದು 49.9 ಡಿಗ್ರಿಯಲ್ಲಿ. ಹೊಗೆಯ ಬಾಲ ಕಾಣುತ್ತದೆ, ಬುಡ ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆ. ಬೆಂಕಿಯಿಂದಲೇ ಹೊಗೆಯ ಜಾಡು ಹಿಡಿಯಬೇಕಾದರೆ 10 ನಿಮಿಷದ ಪೂರ್ಣಗೋಳದ ಕಡತವೇ ಗತಿ. ಎಲ್ಲ ಬ್ಯಾಂಡ್‌ಗಳೂ ಸೇರಿದ ಇಂಥ ಒಂದು ಕಡತ ನೂರಾರು ಎಂಬಿ ತೂಗುತ್ತದೆ. 2 ಕಿ.ಮೀ. ಜಾಲರಿಯಲ್ಲೇ 5,424 ಸಾಲು, 5,424 ಕಂಬ. ಪೂರ್ತಿ ಮೆಮೊರಿಗೆ ಎಳೆದುಕೊಂಡರೆ 8 ಜಿಬಿ ಯಂತ್ರ ಉಸಿರು ಕಟ್ಟುತ್ತದೆ. ಎಕ್ಸ್‌ಅರೇ ಎಂಬ ಪೈಥಾನ್ ಲೈಬ್ರರಿಯಲ್ಲಿ ಕಡತವನ್ನು ತೆರೆದು, ಓದುವ ಮೊದಲೇ ಬೇಕಾದ ಸಾಲು-ಕಂಬಗಳಿಗೆ ಕತ್ತರಿಸಿ, ಆಮೇಲೆ ಬೇಕಾದ ಬ್ಯಾಂಡ್‌ಗಳನ್ನಷ್ಟೇ ಓದಿಸಿದೆ. 35ರಿಂದ 55 ಡಿಗ್ರಿ ಉತ್ತರ, 60ರಿಂದ 85 ಡಿಗ್ರಿ ಪಶ್ಚಿಮ: ಇಷ್ಟು ಸಾಕು.

ನಕ್ಷೆಯ ಮೇಲೆ ಕೂರಿಸುವಾಗ ಇನ್ನೊಂದು ವಿಷಯ. ಕಡತದಲ್ಲಿ ಅಕ್ಷಾಂಶ-ರೇಖಾಂಶ ಇರುವುದಿಲ್ಲ. ಉಪಗ್ರಹ ಯಾವ ಕೋನದಲ್ಲಿ ನೋಡಿತು ಎಂಬುದು ರೇಡಿಯನ್‌ನಲ್ಲಿ ಇರುತ್ತದೆ. ಆ ಕೋನವನ್ನು ಉಪಗ್ರಹದ ಎತ್ತರದಿಂದ, ಮೀಟರ್ ಲೆಕ್ಕದಲ್ಲಿ, ಗುಣಿಸಿದರೆ ನಕ್ಷೆ ಬರೆಯುವ ಪೈಥಾನ್ ಲೈಬ್ರರಿ ಕಾರ್ಟೋಪೈಗೆ ಅರ್ಥವಾಗುವ ದೂರ ಸಿಗುತ್ತದೆ. ಆಗ ಉಪಗ್ರಹದ ನೋಟ ಯಾವ ಅಕ್ಷದಲ್ಲಿ ಗುಡಿಸುತ್ತದೆ ಎಂದು ಹೇಳುವ ಸ್ವೀಪ್ ಅಕ್ಷ ಎಂಬ ಆಯ್ಕೆಯನ್ನು ಎಕ್ಸ್ ಎಂದು ಕೊಡಬೇಕು. ಯುರೋಪಿನ ಮೆಟಿಯೋಸ್ಯಾಟ್ ಉಪಗ್ರಹಕ್ಕೆ ಅದು ವೈ. ಕಾರ್ಟೋಪೈ ತಾನಾಗಿ ಹಿಡಿಯುವುದೂ ವೈಯನ್ನೇ. ಅದನ್ನು ಬದಲಿಸದಿದ್ದರೆ ಚಿತ್ರ ಸರಿಯಾಗೇ ಇದೆಯೇನೋ ಅನ್ನಿಸುವಷ್ಟು ಹತ್ತಿರ ಬಂದು, ಕರಾವಳಿಯ ಗೆರೆ ಮಾತ್ರ ನೀರಿನೊಳಕ್ಕೆ ಜರುಗಿರುತ್ತದೆ. ಲಾಂಗ್ ಐಲ್ಯಾಂಡ್‌ನ ಬಾಲ, ಕೇಪ್ ಕಾಡ್‌ನ ಕೊಕ್ಕೆ, ಈ ಎರಡು ಗುರುತು ಕೂತವೋ ಇಲ್ಲವೋ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹೊಗೆ ಯಾವುದು, ಮೋಡ ಯಾವುದು

ಎಬಿಐಗೆ ಹಸಿರು ಬ್ಯಾಂಡ್ ಇಲ್ಲ. ಕೆಂಪು, ನೀಲಿ, ಮತ್ತು ಗಿಡಮರ ಹೊಳೆಯುವ 0.86 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗಾಂತರದ, ಕಣ್ಣಿಗೆ ಕಾಣದ ಅವಗೆಂಪು, ಈ ಮೂರನ್ನು ಬೆರೆಸಿ ಹಸಿರನ್ನು ತಯಾರಿಸಿಕೊಳ್ಳಬೇಕು. ಎಲ್ಲರೂ ಬಳಸುವ ಪಾಕ ಕೆಂಪು 0.45, ನೀಲಿ 0.45, ಅವಗೆಂಪು 0.10. ಆಮೇಲೆ 2.2ರ ಗಾಮಾ ತಿದ್ದುಪಡಿ ಕೊಟ್ಟರೆ ಕಣ್ಣಿಗೆ ಒಗ್ಗುವ ಬಣ್ಣ ಬರುತ್ತದೆ. ಉಪಗ್ರಹ ಚಿತ್ರಗಳಿಗೆಂದೇ ಇರುವ ಪೈಥಾನ್ ಲೈಬ್ರರಿ ಸ್ಯಾಟ್‌ಪೈ ಇದನ್ನೆಲ್ಲ ತಾನೇ ಮಾಡಿಕೊಡುತ್ತದೆ, ಗಾಳಿಯ ಅಣುಗಳು ಚದುರಿಸುವ ನೀಲಿ ಬೆಳಕನ್ನೂ ಕಳೆಯುತ್ತದೆ. ನಾನು ಮೊದಲು ಕೈಯಿಂದ ಬರೆದೇ ನೋಡಿದೆ. ಯಾವ ಸಂಖ್ಯೆ ಏನು ಮಾಡುತ್ತದೆಂದು ಗೊತ್ತಿದ್ದರೆ ಮುಂದೆ ಏನಾದರೂ ಕೆಟ್ಟಾಗ ಹುಡುಕುವುದು ಸುಲಭ.

ಬಣ್ಣದ ಚಿತ್ರದಲ್ಲಿ ಹೊಗೆ ಬೂದು-ಕಂದಾಗಿ, ಮೋಡ ಬಿಳಿಯಾಗಿ ಕಾಣುತ್ತದೆ. ಮನುಷ್ಯನ ಕಣ್ಣಿಗೆ ಇಷ್ಟು ಸಾಕು, ಪ್ರೋಗ್ರಾಮಿಗೆ ಸಾಲದು. ಇಲ್ಲಿ ಬಹಳ ಖುಷಿ ಕೊಟ್ಟ ಉಪಾಯವೊಂದು ಸಿಕ್ಕಿತು. ಹೊಗೆಯ ಕಣಗಳು ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಚಿಕ್ಕವು. 0.47 ಮೈಕ್ರಾನ್‌ನ ನೀಲಿ ಬೆಳಕನ್ನು ಅವು ಚೆನ್ನಾಗಿ ಚದುರಿಸುತ್ತವೆ. 2.25 ಮೈಕ್ರಾನ್‌ನ ಬೆಳಕಿಗೆ ಬಂದಾಗ ಕಣಕ್ಕಿಂತ ಅಲೆಯೇ ದೊಡ್ಡದು, ಹೊಗೆ ಹೆಚ್ಚುಕಡಿಮೆ ಮಾಯವಾಗಿ ಕೆಳಗಿನ ಕಾಡು, ಕೆರೆ ಎಲ್ಲ ಕಾಣುತ್ತದೆ. ಮೋಡದ ಹನಿಗಳು ದೊಡ್ಡವು, ಎರಡೂ ಬ್ಯಾಂಡ್‌ನಲ್ಲಿ ಹೊಳೆಯುತ್ತವೆ. ಹಾಗಾಗಿ ನೀಲಿಯಲ್ಲಿ ಹೊಳಪು, 2.25ರಲ್ಲಿ ಮಂಕು ಎಂಬ ಪಿಕ್ಸೆಲ್‌ಗಳನ್ನು ಆರಿಸಿಕೊಂಡರೆ ಹೊಗೆಯ ಹೊದಿಕೆ ಮೋಡದಿಂದ ಬೇರೆಯಾಗಿ ಎದ್ದು ನಿಲ್ಲುತ್ತದೆ. ಜೂನ್ 6ರ ಚಿತ್ರಗಳಲ್ಲಿ ಎರಡು ಬ್ಯಾಂಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದರಲ್ಲಿ ಕ್ವಿಬೆಕ್‌ನ ದಕ್ಷಿಣಭಾಗವೇ ಮುಚ್ಚಿಹೋಗಿದೆ, ಇನ್ನೊಂದರಲ್ಲಿ ಅದೇ ಜಾಗದ ಕೆರೆಗಳ ದಂಡೆ ಎಣಿಸಬಹುದು.

ಬೆಂಕಿಯ ಜಾಗಕ್ಕೆ 3.9 ಮೈಕ್ರಾನ್‌ನ ಬ್ಯಾಂಡ್ 7. ಪಿಕ್ಸೆಲ್‌ನ ಒಂದು ಮೂಲೆ ಉರಿಯುತ್ತಿದ್ದರೂ ಸಾಕು, ಆ ಬ್ಯಾಂಡ್‌ನ ತಾಪಮಾನ 10.3 ಮೈಕ್ರಾನ್‌ನದಕ್ಕಿಂತ ಚಿಮ್ಮಿ ಮೇಲೇರುತ್ತದೆ. ಹಗಲಲ್ಲಿ ಬಿಸಿಲಿನ ಪ್ರತಿಫಲನವೂ 3.9ಕ್ಕೆ ಸೇರಿಕೊಳ್ಳುವುದರಿಂದ ಮೋಡದಂಚಿನಲ್ಲಿ ಸುಳ್ಳು ಬೆಂಕಿ ಕಾಣುತ್ತದೆ. ಜಾಗ ನಿಖರವಾಗಿ ಬೇಕಾದಲ್ಲಿ ಧ್ರುವಗಳ ಮೇಲೆ ಸುತ್ತುವ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಸಂವೇದಕದ 375 ಮೀಟರ್ ಬಿಂದುಗಳನ್ನು ನಾಸಾದ ಕಾಳ್ಗಿಚ್ಚು ಮಾಹಿತಿ ತಾಣ ಫರ್ಮ್ಸ್‌ನಿಂದ ಇಳಿಸಿಕೊಂಡು ಮೇಲೆ ಹಾಕಿದೆ. ನಮ್ಮ ಭಾರತೀಯ ಅರಣ್ಯ ಸರ್ವೇಕ್ಷಣೆ ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಕಾಳ್ಗಿಚ್ಚಿನ ಎಚ್ಚರಿಕೆ ಕಳಿಸುವುದಕ್ಕೂ ಇದೇ ಸಂವೇದಕದ ಮಾಹಿತಿ ಬಳಕೆಯಲ್ಲಿದೆ.

ಬೆಳಗು-ಬೈಗಿನ ಉಬ್ಬು

ಚಿತ್ರಗಳನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಹೊಲಿದು ಚಲನಚಿತ್ರ ಮಾಡಿದ ಮೇಲೆ ವಿಚಿತ್ರವೊಂದು ಕಂಡಿತು. ಪ್ರತಿದಿನ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತು, ಮುಳುಗುವ ಮೊದಲು ಸ್ವಲ್ಪ ಹೊತ್ತು ಹೊಗೆ ಇದ್ದಕ್ಕಿದ್ದಂತೆ ದಟ್ಟವಾಗುತ್ತದೆ, ನಡುಹಗಲಲ್ಲಿ ತೆಳುವಾಗುತ್ತದೆ. ಇದು ಹೊಗೆಯ ಏರಿಳಿತ ಅಲ್ಲ, ಬೆಳಕಿನ ಜ್ಯಾಮಿತಿ. ಹೊಗೆಯ ಕಣ ಬೆಳಕನ್ನು ಹಿಂದಕ್ಕಿಂತ ಮುಂದಕ್ಕೆ ಹೆಚ್ಚು ಚದುರಿಸುತ್ತದೆ. ಸೂರ್ಯ ದಿಗಂತದ ಬಳಿ ಇರುವಾಗ ಆ ಮುಂದಿನ ಬೆಳಕು ಉಪಗ್ರಹದ ಕಡೆಗೆ ಹೆಚ್ಚು ಬೀಳುತ್ತದೆ. ಅದೇ ಹೊಗೆ ಆಗ ಎರಡು ಪಟ್ಟು ಇರುವಂತೆ ತೋರುತ್ತದೆ.

ಬರೀ ಹೊಳಪನ್ನು ನಂಬಿ ಹೊಗೆಯ ಪ್ರಮಾಣ ಹೇಳಲಾಗದು ಎಂದಾಯಿತು. ಇದಕ್ಕೆ ನೋವಾದವರೇ ಲೆಕ್ಕ ಹಾಕಿಟ್ಟ ಏಓಡಿ ಎಂಬ ಅಳತೆ ಇದೆ: ನೆಲದಿಂದ ಬಾಹ್ಯಾಕಾಶದವರೆಗಿನ ಗಾಳಿಯಲ್ಲಿರುವ ಹೊಗೆ, ದೂಳಿನ ಕಣಗಳೆಲ್ಲ ಸೇರಿ ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದು. ಸೂರ್ಯನ ಕೋನ, ಉಪಗ್ರಹದ ಕೋನ ಎರಡನ್ನೂ ಅದರಲ್ಲಿ ತಿದ್ದಿರುತ್ತಾರೆ. ಅದನ್ನು ಹಾಕಿದ ಮೇಲೆ ಉಬ್ಬು ಬಹುಮಟ್ಟಿಗೆ ಅಡಗಿತು. ಆದರೆ ಇನ್ನೊಂದು ತೊಂದರೆ ತಲೆ ಎತ್ತಿತು. ನಕ್ಷೆಯಲ್ಲಿ ತೂತುಗಳು, ಅದೂ ಹೊಗೆ ಅತಿ ದಟ್ಟವಾಗಿದ್ದ ಕಡೆಯೇ. ಬಹಳ ದಪ್ಪ ಹೊಗೆಯನ್ನು ಲೆಕ್ಕದ ಸೂತ್ರ ಮೋಡವೆಂದು ಭಾವಿಸಿ ಬಿಟ್ಟುಬಿಡುತ್ತದೆ, ಅಥವಾ ಗುಣಮಟ್ಟ ಕಡಿಮೆ ಎಂದು ಗುರುತು ಹಾಕುತ್ತದೆ. ಪ್ರತಿ ಪಿಕ್ಸೆಲ್‌ಗೂ 0ರಿಂದ 3ರವರೆಗೆ ಗುಣಮಟ್ಟದ ಅಂಕಿ ಇರುತ್ತದೆ. 0 ಉತ್ತಮ, 3 ಅಂದರೆ ಲೆಕ್ಕವೇ ಸಿಗಲಿಲ್ಲ. ಉತ್ತಮವಾದದ್ದನ್ನು ಮಾತ್ರ ಇಟ್ಟುಕೊಳ್ಳಿ ಎಂಬ ಸಾಮಾನ್ಯ ಸಲಹೆ ಇಲ್ಲಿ ಅಪಾಯಕಾರಿ: ಆಗ ಜನ ಅತಿ ಕೆಟ್ಟ ಗಾಳಿ ಕುಡಿಯುತ್ತಿದ್ದ ಜಾಗವೇ ನಕ್ಷೆಯಲ್ಲಿ ಖಾಲಿಯಾಗಿ, ಏನೂ ಇಲ್ಲವೇನೋ ಎಂಬಂತೆ ಕಾಣುತ್ತದೆ. ನಾನು ಉತ್ತಮ, ಮಧ್ಯಮ ಎರಡನ್ನೂ ಉಳಿಸಿ, ಉಳಿದ ತೂತುಗಳಲ್ಲಿ ನೀಲಿ-2.25 ಪರೀಕ್ಷೆ ಹೊಗೆ ಎಂದರೆ ಗೀಟು ಹಾಕಿದ ಬೂದುಬಣ್ಣ ತುಂಬಿದೆ. ಅಲ್ಲಿ ಅಂಕಿ ಕೊಟ್ಟಿಲ್ಲ, ಹೊಗೆ ಇದೆ ಎಂದಷ್ಟೇ ಗುರುತು. ನೋವಾದ ತಜ್ಞರು ಪ್ರತಿದಿನ ಉಪಗ್ರಹ ಚಿತ್ರ ನೋಡಿ ಕೈಯಿಂದಲೇ ಬರೆಯುವ ಹೊಗೆಯ ಗಡಿರೇಖೆಗಳಿವೆ, ತೆಳು, ಮಧ್ಯಮ, ದಟ್ಟ ಎಂದು. ಅದನ್ನು ಮೇಲೆ ಹಾಸಿದಾಗ ನನ್ನ ಗೀಟಿನ ಜಾಗಗಳು ಅವರ ದಟ್ಟ ವಲಯದೊಳಗೇ ಬಿದ್ದದ್ದು ಧೈರ್ಯ ಕೊಟ್ಟಿತು.

ಎರಡನೆಯ ಆಧಾರವಾಗಿ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಸಂವೇದಕದ ಮಾಹಿತಿಯನ್ನೂ ತಂದೆ. ಅದು ನೇರಳಾತೀತ ಬೆಳಕಿನಲ್ಲಿ ಹೀರಿಕೆಯನ್ನು ನೋಡುತ್ತದೆ, ಆದ್ದರಿಂದ ಬಿಳಿ ಮೋಡದ ಮೇಲೆ ತೇಲುವ ಹೊಗೆಯನ್ನೂ ಹಿಡಿಯಬಲ್ಲದು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ದಿನಕ್ಕೊಮ್ಮೆ ಮಾತ್ರ ಹಾಯುತ್ತದೆ.

ವೇಗ ಅಳೆಯುವುದು

ಹೊಗೆಯ ಮುಂಚೂಣಿಯನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಪ್ರೋಗ್ರಾಮಿನಿಂದಲೇ ಹಿಂಬಾಲಿಸಲು ಚಿತ್ರ ವಿಶ್ಲೇಷಣೆಯ ಲೈಬ್ರರಿ ಓಪನ್‌ಸಿವಿಯ ಆಪ್ಟಿಕಲ್ ಫ್ಲೋ (ಒಂದು ಚಿತ್ರದಿಂದ ಮುಂದಿನದಕ್ಕೆ ಯಾವುದು ಎಷ್ಟು ಸರಿಯಿತು ಎಂದು ಹುಡುಕುವ ವಿಧಾನ) ಹಾಕಿ ನೋಡಿದೆ. ಅದು ಹೊಗೆಗಿಂತ ಮೋಡದ ಅಂಚುಗಳನ್ನೇ ಹಿಡಿದು ಓಡುತ್ತದೆ. ಹೊಗೆಗೆ ಚೂಪಾದ ಅಂಚಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಹವಾಮಾನ ವಿಜ್ಞಾನಿಗಳ ಹಳೆಯ ಸಾಧನ, ಹಾವ್‌ಮೊಲ್ಲರ್ ನಕ್ಷೆ. 73ರಿಂದ 76 ಡಿಗ್ರಿ ಪಶ್ಚಿಮದ ನಡುವಿನ ಪಟ್ಟಿಯನ್ನು ಮಾತ್ರ ತೆಗೆದುಕೊಂಡು, ಪ್ರತಿ ಅಕ್ಷಾಂಶಕ್ಕೂ ಏಓಡಿಯ ಸರಾಸರಿ ಮಾಡಿ, ಒಂದು ಚಿತ್ರಕ್ಕೆ ಒಂದು ಕಂಬದಂತೆ ಕಾಲಾನುಕ್ರಮದಲ್ಲಿ ನಿಲ್ಲಿಸುವುದು. ಅಡ್ಡಕ್ಕೆ ಕಾಲ, ಉದ್ದಕ್ಕೆ ಅಕ್ಷಾಂಶ. ದಕ್ಷಿಣಕ್ಕೆ ಸಾಗುವ ಹೊಗೆ ಅಲ್ಲಿ ಇಳಿಜಾರು ಗೆರೆಯಾಗಿ ಮೂಡುತ್ತದೆ. ಗೆರೆಯ ಇಳಿಜಾರೇ ವೇಗ. ಶಿಬುಗಮೋದಿಂದ ನ್ಯೂಯಾರ್ಕ್‌ಗೆ ಹೆಚ್ಚುಕಡಿಮೆ ನೇರ ದಕ್ಷಿಣ, 9.2 ಡಿಗ್ರಿ, ಸುಮಾರು 1,020 ಕಿ.ಮೀ. ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ 28 ಗಂಟೆ. ಅಂದರೆ ಇಂದು ಬೆಳಿಗ್ಗೆ ಅಲ್ಲಿ ಎದ್ದ ಹೊಗೆ ನಾಳೆ ಮಧ್ಯಾಹ್ನಕ್ಕೆ ಇಲ್ಲಿ. ಎಚ್ಚರಿಕೆ ಕೊಡಲು ಸಾಕಷ್ಟು ಸಮಯ.

ಈ ಗೆರೆ ರಾತ್ರಿಯಲ್ಲಿ ತುಂಡಾಗುತ್ತದೆ. ಏಓಡಿಗೆ ಬಿಸಿಲು ಬೇಕು. ಅವಗೆಂಪಿನ 10.3 ಬ್ಯಾಂಡ್ ರಾತ್ರಿಯೂ ಕೆಲಸ ಮಾಡುತ್ತದೆ ನಿಜ, ಆದರೆ ಹೊಗೆಯ ಸಣ್ಣ ಕಣ ಅದಕ್ಕೆ ಪಾರದರ್ಶಕ. ಅದೃಷ್ಟಕ್ಕೆ ಜೂನ್ 4ರಂದು ಹುಣ್ಣಿಮೆಯಾಗಿತ್ತು. ವಿಐಐಆರ್‌ಎಸ್‌ನ ರಾತ್ರಿ ಬ್ಯಾಂಡ್ ಬೆಳದಿಂಗಳಲ್ಲೇ ಚಿತ್ರ ತೆಗೆಯುತ್ತದೆ. ನಡುರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ಬಂದ ಆ ಚಿತ್ರದಲ್ಲಿ ಊರುಗಳ ದೀಪಗಳ ಮೇಲೆ ಹೊಗೆ ಮಸುಕಾಗಿ ಹರಡಿದ್ದು ಕಾಣುತ್ತದೆ. ಹಗಲಿನ ಎರಡು ತುಂಡುಗಳನ್ನು ಸೇರಿಸಲು ನಡುವೆ ಇದೊಂದು ಬಿಂದು ಸಿಕ್ಕಿತು.

ಮೇಲೆ ಕಂಡದ್ದು, ಕೆಳಗೆ ಉಸಿರಾಡಿದ್ದು

ಇಷ್ಟು ಮಾಡಿದ ಮೇಲೆ ಸುಂದರವಾದ ನಕ್ಷೆ ಸಿಕ್ಕಿತು. ಆದರೂ ನನ್ನ ಮಟ್ಟಿಗೆ ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ. ಅದೇ ಪ್ರೋಗ್ರಾಮನ್ನು ಮೇ ತಿಂಗಳ ದಿನಗಳಿಗೆ ಓಡಿಸಿದಾಗ ಆಲ್ಬರ್ಟಾದ ಹೊಗೆ ಖಂಡವನ್ನೇ ದಾಟಿ ನಮ್ಮ ತಲೆಯ ಮೇಲೆ ಹಾದದ್ದು ಕಾಣುತ್ತದೆ. ಆ ದಿನಗಳಲ್ಲಿ ಆಕಾಶ ಹಾಲು ಬೆರೆಸಿದಂತಿತ್ತು, ಸೂರ್ಯ ಮಂಕಾಗಿದ್ದ, ಅಷ್ಟೇ, ಕೆಮ್ಮು ಬರಲಿಲ್ಲ. ಹೊಗೆ ಬಹು ಎತ್ತರದಲ್ಲೇ ಸಾಗಿಹೋಗಿತ್ತು. ಜೂನ್‌ನಲ್ಲಿ ನೆಲಕ್ಕೆ ಹತ್ತಿಕೊಂಡು ಬಂತು. ಉಪಗ್ರಹದ ಏಓಡಿ ಎರಡು ಸಲವೂ ಹೊಗೆ ಇದೆ ಎಂದೇ ಹೇಳುತ್ತದೆ. ಬಹುಮಹಡಿ ಕಟ್ಟಡವನ್ನು ಮೇಲಿಂದ ನೋಡಿದವನಿಗೆ ಯಾವ ಮಹಡಿಯಲ್ಲಿ ಜನ ಇದ್ದಾರೆಂದು ಗೊತ್ತಾಗದ ಹಾಗೆ, ಹೊಗೆ ಯಾವ ಎತ್ತರದಲ್ಲಿದೆ ಎಂಬುದು ಈ ಅಂಕಿಯಲ್ಲಿ ಇಲ್ಲ. ಹೊಗೆಯ ಚಿತ್ರ ಹಂಚಿಕೊಂಡು ‘ಮನೆಯಿಂದ ಹೊರಬರಬೇಡಿ’ ಎನ್ನುವವರೂ, ಚಿತ್ರ ತಿಳಿಯಾಗಿದೆ ಎಂದು ಓಡಲು ಹೋಗುವವರೂ ಈ ಒಂದು ವಿಷಯ ತಿಳಿಯಲೇಬೇಕು.

ಆದ್ದರಿಂದ ನಕ್ಷೆಗೆ ಎರಡು ಪದರ ಸೇರಿಸಿದೆ. ಒಂದು, ನೋವಾದ ಹೈಸ್ಪ್ಲಿಟ್ ಮಾದರಿ. ಯಾವುದಾದರೂ ಒಂದು ಜಾಗ, ಕಾಲ, ಎತ್ತರ ಕೊಟ್ಟರೆ ಆ ಗಾಳಿ ಹಿಂದಿನ ಗಂಟೆಗಳಲ್ಲಿ ಎಲ್ಲೆಲ್ಲಿ ಇತ್ತು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತದೆ. ನ್ಯೂಯಾರ್ಕ್‌ನಿಂದ 500, 1,500, 3,000 ಮೀಟರ್ ಎತ್ತರಗಳಲ್ಲಿ ಮೂರು ದಾರಿ ಎಳೆಸಿ, ಬೆಂಕಿಯ ಬಿಂದುಗಳ ಮೇಲೆ ಯಾವುದು ಹಾಯುತ್ತದೆ ಎಂದು ನೋಡುವುದು. ಒಂದೇ ದಾರಿ ಎಳೆದು ಅದನ್ನೇ ಸತ್ಯ ಎನ್ನಬಾರದು. ಎತ್ತರ ಬದಲಾದರೆ ಗಾಳಿಯ ದಿಕ್ಕೇ ಬದಲಾಗುತ್ತದೆ.

ಎರಡನೆಯದು ನೆಲದ ಸಂವೇದಕಗಳು. ಸರ್ಕಾರಿ ಕೇಂದ್ರಗಳ ಪಿಎಂ2.5 (ಗಾಳಿಯಲ್ಲಿರುವ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳ ಪ್ರಮಾಣ) ಅಂಕಿ ಏರ್‌ನೌ ಜಾಲತಾಣದಲ್ಲಿ ಸಿಗುತ್ತದೆ, ಆದರೆ ಕೇಂದ್ರಗಳು ವಿರಳ. ಜನ ಮನೆಗಳ ಹೊರಗೆ ತೂಗುಹಾಕಿರುವ ಪರ್ಪಲ್‌ಏರ್ ಸಂವೇದಕಗಳು ದಟ್ಟವಾಗಿವೆ, ಆದರೆ ಅವು ಹೊಗೆಯಲ್ಲಿ ಹೆಚ್ಚು ತೋರಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ತಿದ್ದುಪಡಿ ಹೀಗಿದೆ: ಸಂವೇದಕದ ಅಂಕಿ × 0.524, ಅದರಿಂದ ಸಾಪೇಕ್ಷ ಆರ್ದ್ರತೆ × 0.0862 ಕಳೆಯಿರಿ, 5.75 ಕೂಡಿಸಿ. ಸಂವೇದಕ 200 ತೋರಿಸುತ್ತಿದ್ದು ಆರ್ದ್ರತೆ 50 ಇದ್ದರೆ ತಿದ್ದಿದ ಅಂಕಿ ಸುಮಾರು 106. ಅತಿ ದಟ್ಟ ಹೊಗೆಗೆ ಬೇರೆ ಸೂತ್ರವಿದೆ, ಆಗ ಈ ನೇರ ಗೆರೆ ಕಡಿಮೆ ಹೇಳುತ್ತದೆ. ಜೂನ್ 7ಕ್ಕೆ ಅದನ್ನೇ ಬಳಸಬೇಕು.

ನೆಲದ ಬಿಂದುಗಳನ್ನು ಉಪಗ್ರಹದ ಪಿಕ್ಸೆಲ್‌ಗೆ ಜೋಡಿಸುವಾಗ ಓರೆನೋಟವನ್ನೂ ಗಮನಿಸಬೇಕು. ಉಪಗ್ರಹ ಸಮಭಾಜಕದ ಮೇಲಿಂದ ಓರೆಯಾಗಿ ನೋಡುವುದರಿಂದ ಎತ್ತರದ ಹೊಗೆ ತನ್ನ ನಿಜವಾದ ಜಾಗಕ್ಕಿಂತ ಉತ್ತರಕ್ಕೆ ಜರುಗಿ ಕಾಣುತ್ತದೆ. 50 ಡಿಗ್ರಿ ಅಕ್ಷಾಂಶದಲ್ಲಿ ನೋಟದ ಓರೆ ನೆತ್ತಿಯಿಂದ ಸುಮಾರು 57 ಡಿಗ್ರಿ. ಅಲ್ಲಿ 5 ಕಿ.ಮೀ. ಎತ್ತರದ ಹೊಗೆ ಏಳೂವರೆ ಕಿ.ಮೀ.ಗೂ ಹೆಚ್ಚು ಸರಿದಿರುತ್ತದೆ. ಪಿಕ್ಸೆಲ್ ಕೂಡ ಉತ್ತರ-ದಕ್ಷಿಣ ಎರಡು ಪಟ್ಟು ಉದ್ದವಾಗುತ್ತದೆ. ಖಂಡದ ಅಳತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಒಂದು ಊರಿನ ಸಂವೇದಕಕ್ಕೆ ಹೋಲಿಸುವಾಗ ಲೆಕ್ಕಕ್ಕಿದೆ.

ಎಲ್ಲ ಸೇರಿಸಿ ಓಡಿಸಿದಾಗ ಚಿತ್ರ ಹೀಗೆ ಬಿಚ್ಚಿಕೊಳ್ಳುತ್ತದೆ: ಕ್ವಿಬೆಕ್‌ನಲ್ಲಿ ಕೆಂಪು ಬಿಂದುಗಳು, ಅವುಗಳಿಂದ ದಕ್ಷಿಣಕ್ಕೆ ಇಳಿಯುವ ಕಂದು ಪಟ್ಟಿ, ಜೂನ್ 6ರ ಮಧ್ಯಾಹ್ನದ ಮೇಲೆ ನ್ಯೂಯಾರ್ಕ್‌ನ ಸಂವೇದಕಗಳ ಬಣ್ಣ ಒಂದೊಂದಾಗಿ ಬದಲಾಗುವುದು, 7ರ ಮಧ್ಯಾಹ್ನ ಕಡುನೇರಳೆ, 8ರಂದು ಅದೇ ಬಣ್ಣ ಫಿಲಡೆಲ್ಫಿಯಾ, ವಾಷಿಂಗ್ಟನ್ ಕಡೆಗೆ. ಆಗ ಊರಿನಿಂದ ಅಮ್ಮ ಫೋನ್ ಮಾಡಿ ‘ಬೆಂಕಿ ನಿಮ್ಮ ಮನೆ ಹತ್ರಾನೇನೋ?’ ಎಂದು ಕೇಳಿದ್ದರು. ಈ ಚಲನಚಿತ್ರ ಕಳಿಸಿದ ಮೇಲೆ ಅವರು ಕೇಳಿದ ಪ್ರಶ್ನೆ ‘ಅಲ್ಲಿನ ಜನ ಎಲ್ಲಿಗೆ ಹೋದರು?’ ಎಂದು. ಶಿಬುಗಮೋವನ್ನು ನಕ್ಷೆಯಲ್ಲಿ ಹೆಸರು ಸಮೇತ ಗುರುತಿಸಿದ್ದು ಆ ಮಾತಿನಿಂದಲೇ. ಮೊದಲು ಅಲ್ಲಿ ಬರೀ ಬೆಂಕಿಯ ಬಿಂದುಗಳಿದ್ದವು.

ಈಗ ಇದನ್ನು ಓಡಿಸುವವರಿಗೆ ಒಂದು ಸೂಚನೆ. 2025ರ ಏಪ್ರಿಲ್ 7ರಿಂದ ಪೂರ್ವದ ಕಾವಲು ಗೋಸ್-19ರದು. 2023ರ ಕಡತಗಳು ಗೋಸ್-16ರ ಸಂಗ್ರಹದಲ್ಲೇ ಉಳಿದಿವೆ, ಹೊಸವು ಗೋಸ್-19ರದರಲ್ಲಿ. ತಾರೀಕು ನೋಡಿ ಸಂಗ್ರಹ ಆರಿಸುವಂತೆ ಪ್ರೋಗ್ರಾಮನ್ನು ಬದಲಿಸಿಟ್ಟಿದ್ದೇನೆ. ಉಪಗ್ರಹದ ರೇಖಾಂಶವನ್ನು ಕೈಯಿಂದ ಬರೆಯದೆ ಪ್ರತಿ ಕಡತದಿಂದಲೇ ಓದಿಸುತ್ತೇನೆ. 2023ರ ಜೂನ್ ಕೊನೆಯಲ್ಲಿ ಇದೇ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಪೋರ್ಚುಗಲ್ ತಲುಪಿತ್ತು. ಗೋಸ್‌ನ ನೋಟ ಅಂಚಿಗೆ ಬರುವಲ್ಲಿ ಮೆಟಿಯೋಸ್ಯಾಟ್‌ನ ಚಿತ್ರವನ್ನು ಹೊಲಿದು ಆ ದಾರಿಯನ್ನೂ ಪೂರ್ತಿ ಮಾಡುವ ಕೆಲಸ ಈಗ ನಡೆಯುತ್ತಿದೆ. ಅಲ್ಲಿ ಸ್ವೀಪ್ ಅಕ್ಷ ವೈ.